ಪಾಡ್‌ಕಾಸ್ಟ್ ಕೇಳಿ, ಓದಿ: ಬ್ಯಾಗಿನಲ್ಲಿ ಕೂರುವ ಡೆಸ್ಕ್‌ಟಾಪ್ ಮತ್ತು 7 ಮಿಲಿಮೀಟರ್ ಪಾಠ

ಈ ಪಾಡ್‌ಕಾಸ್ಟ್‌ನಲ್ಲಿ ನನ್ನ ದನಿ ನೀವು ಕೇಳೋದು ಅಪರೂಪ. ಬೇರೆಯವರು ಮಾತಾಡಿದ್ದನ್ನು ಕತ್ತರಿಸಿ, ಜೋಡಿಸಿ, ನಿಮ್ಮ ಕಿವಿಗೆ ತಲುಪಿಸೋದು ನನ್ನ ಕೆಲಸ. ಇವತ್ತು ಮಾತ್ರ ಮೈಕ್ ಮುಂದೆ ನಾನೇ ಕೂತಿದ್ದೀನಿ. ಯಾಕಂದ್ರೆ, ಈ ಸಂಚಿಕೆಯ ವಿಷಯ ನನ್ನ ಮೇಜಿನ ಮೇಲೇ ಇದೆ: ಬ್ಯಾಗಿನಲ್ಲಿ ಹಿಡಿಸುವ ಒಂದು ಪುಟ್ಟ ಡೆಸ್ಕ್‌ಟಾಪ್ ಕಂಪ್ಯೂಟರ್. ಇದನ್ನು ನಾನೇ ಜೋಡಿಸಿದೆ. ಹೇಗೆ, ಯಾಕೆ, ಎಲ್ಲಿ ಎಡವಿದೆ ಅಂತ ಹೇಳ್ತೀನಿ.

ಕಳೆದ ಮಳೆಗಾಲದಲ್ಲಿ ಸಾಗರದ ಹತ್ತಿರದ ನಮ್ಮೂರಲ್ಲಿ ಅಮ್ಮ ಅಂಗಳದ ಪಾಚಿಗೆ ಕಾಲು ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು, ಶಸ್ತ್ರಚಿಕಿತ್ಸೆ ಆಯಿತು. ಅಪ್ಪಯ್ಯನಿಗೂ ವಯಸ್ಸಾಗಿದೆ, ಮನೆಯಲ್ಲಿ ಇನ್ನೊಬ್ಬರು ಇರಲೇಬೇಕು. ಅಕ್ಕ ಒಂದು ವಾರ, ನಾನು ಒಂದು ವಾರ ಅಂತ ಮಾತಾಯಿತು. ಆಫೀಸಿನವರೂ ಒಪ್ಪಿದರು, ಆದರೆ ಸಂಚಿಕೆ ಮಾತ್ರ ತಪ್ಪುವ ಹಾಗಿಲ್ಲ.

ನನ್ನ ಪಾಳಿಯ ಮೊದಲ ವಾರವೇ ಲ್ಯಾಪ್‌ಟಾಪ್ ಸತ್ತುಹೋಯಿತು. ರಿಪೇರಿಯವರು ತೆರೆದು ನೋಡಿ, ‘ರ‍್ಯಾಮ್ ಹೋಗಿದೆ ಸರ್, ಆದ್ರೆ ಅದು ಬೋರ್ಡ್‌ಗೇ ಬೆಸುಗೆ ಆಗಿದೆ, ಇಡೀ ಬೋರ್ಡ್ ಬದಲಾಯಿಸಬೇಕು’ ಅಂದರು. ಹೇಳಿದ ಬೆಲೆ ಹೊಸ ಲ್ಯಾಪ್‌ಟಾಪಿನ ಅರ್ಧಕ್ಕಿಂತ ಜಾಸ್ತಿ. ಬೆಂಗಳೂರಿನ ಮನೆಯಲ್ಲಿದ್ದ ದೊಡ್ಡ ಟವರ್ ಕಂಪ್ಯೂಟರನ್ನು ತಾಳಗುಪ್ಪ ರೈಲಿನಲ್ಲಿ ಹದಿನೈದು ದಿನಕ್ಕೊಮ್ಮೆ ಹೊತ್ತು ತರೋಕಾಗುತ್ತಾ? ಆಗ ಹುಟ್ಟಿದ್ದು ಈ ಯೋಚನೆ. ಬಿಡಿಭಾಗ ಕೆಟ್ಟರೆ ಆ ಭಾಗವನ್ನಷ್ಟೇ ಬದಲಾಯಿಸುವ ಹಾಗಿರಬೇಕು, ಬ್ಯಾಗಿನಲ್ಲೂ ಕೂರಬೇಕು.

ಹೊತ್ತೊಯ್ಯುವ ಕಂಪ್ಯೂಟರ್ ಅನ್ನೋ ಆಸೆ ಹಳೆಯದು. 1981ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದ ಆಸ್ಬಾರ್ನ್ 1 ಹೊಲಿಗೆ ಯಂತ್ರದಷ್ಟು ದೊಡ್ಡದಿತ್ತು, ತೂಕ ಸುಮಾರು 11 ಕೆ.ಜಿ., ಪರದೆ ಬರೀ 5 ಇಂಚು. ಇವತ್ತು ನಮ್ಮ ಕೆಲಸ ಸುಲಭವಾಗಿರೋದಕ್ಕೆ ಮುಖ್ಯ ಕಾರಣ ಮಿನಿ-ಐಟಿಎಕ್ಸ್ ಎಂಬ ಮದರ್‌ಬೋರ್ಡ್ ಅಳತೆ. ವಿಯಾ ಎಂಬ ತೈವಾನ್ ಕಂಪನಿ 2001ರಲ್ಲಿ ಇದನ್ನು ತಂದಿತು. ಸಾಮಾನ್ಯ ಎಟಿಎಕ್ಸ್ ಬೋರ್ಡ್ 305 ಮಿ.ಮೀ. ಉದ್ದ, 244 ಮಿ.ಮೀ. ಅಗಲ. ಮಿನಿ-ಐಟಿಎಕ್ಸ್ ಎರಡೂ ಕಡೆ 170 ಮಿ.ಮೀ. ಮಾತ್ರ. ಪ್ರೊಸೆಸರ್ ಕೂರುವ ಸಾಕೆಟ್ ಎರಡರಲ್ಲೂ ಅದೇ. ಕಡಿಮೆಯಾಗೋದು ಏನಪ್ಪಾ ಅಂದ್ರೆ, ರ‍್ಯಾಮ್ ಜಾಗ ಸಾಮಾನ್ಯವಾಗಿ ಎರಡೇ, ವಿಸ್ತರಣೆ ಸ್ಲಾಟ್ ಒಂದೇ.

ಗಾತ್ರವನ್ನು ಈ ಲೋಕದಲ್ಲಿ ಲೀಟರ್‌ನಲ್ಲಿ ಅಳೀತಾರೆ. ಉದ್ದ, ಅಗಲ, ಎತ್ತರವನ್ನು ಸೆಂ.ಮೀ.ನಲ್ಲಿ ಗುಣಿಸಿ ಸಾವಿರದಿಂದ ಭಾಗಿಸಿದರೆ ಲೀಟರ್ ಬರುತ್ತೆ. ನನ್ನ ಹಳೆಯ ಟವರ್ 42 ಲೀಟರ್, ಅಂದ್ರೆ ಹೆಚ್ಚು ಕಡಿಮೆ ಮೂರು ಎಣ್ಣೆ ಡಬ್ಬದಷ್ಟು. ಈಗಿನದು 22 ಸೆಂ.ಮೀ., 21 ಸೆಂ.ಮೀ., 10 ಸೆಂ.ಮೀ. ಲೆಕ್ಕ ಹಾಕಿ ನೋಡಿ, 4.6 ಲೀಟರ್. 5 ಲೀಟರ್ ಎಣ್ಣೆ ಕ್ಯಾನಿಗಿಂತ ಸಣ್ಣದು.

ಈಗ ಮುಖ್ಯ ಮಾತಿಗೆ ಬರ್ತೀನಿ. ದೊಡ್ಡ ಕಂಪ್ಯೂಟರ್ ಕಟ್ಟುವಾಗ ಮೊದಲು ಪ್ರೊಸೆಸರ್, ಬೋರ್ಡ್ ಎಲ್ಲ ಆರಿಸಿ, ಕೊನೆಗೆ ಯಾವುದೋ ಒಂದು ಪೆಟ್ಟಿಗೆ ತಗೋತೀವಿ. ಚಿಕ್ಕದರಲ್ಲಿ ಇದು ಉಲ್ಟಾ. ಮೊದಲು ಪೆಟ್ಟಿಗೆ, ಆಮೇಲೆ ಅದರೊಳಗಿನ ಬಿಸಿಯನ್ನು ಹೊರಗೆ ಹಾಕುವ ದಾರಿ, ಆಮೇಲೆ ಪ್ರೊಸೆಸರ್. ಈ ಕ್ರಮ ತಪ್ಪಿದರೆ ದುಡ್ಡು ದಂಡ.

ನನಗೆ ಈ ಬುದ್ಧಿ ಬಂದದ್ದು ದಂಡ ತೆತ್ತ ಮೇಲೆ. ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹೋಗಿ ಎಎಂಡಿಯ ರೈಜೆನ್ 5 8600ಜಿ ತಗೊಂಡೆ. ಇದರೊಳಗೇ ಗ್ರಾಫಿಕ್ಸ್ ಇರೋದರಿಂದ ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಡ. ಡಬ್ಬದಲ್ಲಿ ಕೂಲರ್ ಕೂಡ ಉಚಿತವಾಗಿ ಬರುತ್ತೆ. ‘ಕೂಲರ್ ಬೇರೆ ತಗೊಳ್ಳಿ ಸರ್, ಇದು ಆ ಪೆಟ್ಟಿಗೆಗೆ ಎತ್ತರ ಆಗುತ್ತೆ’ ಅಂತ ಅಂಗಡಿಯ ಹುಡುಗ ಹೇಳಿದ. ನನಗೆ ವ್ಯಾಪಾರದ ಮಾತು ಅನ್ನಿಸ್ತು. ಮನೆಗೆ ಬಂದು ಎಲ್ಲ ಜೋಡಿಸಿದೆ, ಪಕ್ಕದ ಮುಚ್ಚಳ ಮುಚ್ಚಲೇ ಇಲ್ಲ. ಪೆಟ್ಟಿಗೆ ಬಿಟ್ಟುಕೊಡೋದು 47 ಮಿ.ಮೀ., ಆ ಕೂಲರ್ ಎತ್ತರ 54 ಮಿ.ಮೀ. ಏಳೇ ಏಳು ಮಿಲಿಮೀಟರ್! ಮತ್ತೆ ಎಸ್‌.ಪಿ. ರಸ್ತೆ, ಮತ್ತೆ ಅದೇ ಹುಡುಗ. ಅವನು ನಗಲಿಲ್ಲ, ಅದೇ ದೊಡ್ಡ ಗುಣ. 37 ಮಿ.ಮೀ. ಎತ್ತರದ ನಾಕ್ಚುವಾ ಕೂಲರ್ ಕೊಟ್ಟ. ಹಳೆಯ ಥರ್ಮಲ್ ಪೇಸ್ಟ್ ಪೂರ್ತಿ ಒರೆಸಿ ಹೊಸದು ಹಚ್ಚಬೇಕು, ಹಾಗೇ ಕೂರಿಸಬಾರದು ಅಂತಲೂ ಹೇಳಿ ಕಳಿಸಿದ.

ಕೂಲರ್ ಗಿಡ್ಡ ಆದರೆ ಅದರ ಲೋಹ ಕಮ್ಮಿ, ಹೀರುವ ಶಾಖವೂ ಕಮ್ಮಿ. ಹಾಗಾಗಿ ಪ್ರೊಸೆಸರ್‌ನ ಹೊಟ್ಟೆಯನ್ನೇ ಸ್ವಲ್ಪ ಕಟ್ಟಬೇಕು. ನನ್ನ ಪ್ರೊಸೆಸರ್ ಕಾಗದದ ಮೇಲೆ 65 ವ್ಯಾಟ್‌ನದು, ಆದರೆ ಭಾರಿ ಕೆಲಸ ಬಿದ್ದಾಗ 88 ವ್ಯಾಟ್‌ವರೆಗೂ ಎಳೆಯುತ್ತೆ. ಬಯೋಸ್‌ನಲ್ಲಿ ಇಕೋ ಮೋಡ್ ಅಂತ ಇರುತ್ತೆ. ಅಲ್ಲಿ 45 ವ್ಯಾಟ್ ಆಯ್ಕೆ ಮಾಡಿದರೆ ಎಳೆತ ಸುಮಾರು 61 ವ್ಯಾಟ್‌ಗೆ ನಿಲ್ಲುತ್ತೆ. ಮೊದಲು ಸಂಚಿಕೆ ಎಕ್ಸ್‌ಪೋರ್ಟ್ ಮಾಡುವಾಗ ಬಿಸಿ 90 ಡಿಗ್ರಿ ದಾಟ್ತಿತ್ತು, ಫ್ಯಾನ್ ಮಿಕ್ಸಿ ಥರ ಕಿರುಚ್ತಿತ್ತು. ಈಗ 70ರ ಆಸುಪಾಸು. ಆರು ನಿಮಿಷದ ಕೆಲಸಕ್ಕೆ ಏಳು ನಿಮಿಷ ಹಿಡಿಯುತ್ತೆ, ಅಷ್ಟೇ. ಪಕ್ಕದಲ್ಲೇ ಮೈಕ್ ಇಟ್ಟು ರೆಕಾರ್ಡ್ ಮಾಡುವ ನನಗೆ ಆ ಒಂದು ನಿಮಿಷಕ್ಕಿಂತ ಮೌನ ದೊಡ್ಡದು.

ಜೋಡಿಸುವಾಗ ಗಮನದಲ್ಲಿಡಬೇಕಾದ ಮೂರು ವಿಷಯ ಹೇಳಿಬಿಡ್ತೀನಿ.

ಒಂದು, ಎಷ್ಟೋ ಮಿನಿ-ಐಟಿಎಕ್ಸ್ ಬೋರ್ಡ್‌ಗಳ ಬೆನ್ನಿನಲ್ಲೂ ಎಸ್‌ಎಸ್‌ಡಿ ಜಾಗ ಇರುತ್ತೆ. ಬೋರ್ಡನ್ನು ಪೆಟ್ಟಿಗೆಗೆ ಬಿಗಿದ ಮೇಲೆ ಅದು ಕೈಗೆ ಸಿಗಲ್ಲ. ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ, ಕೂಲರ್ ಎಲ್ಲವನ್ನೂ ಹೊರಗೇ ಜೋಡಿಸಿ, ಆಮೇಲೆ ಒಳಗೆ ಇಳಿಸಿ.

ಎರಡು, 8600ಜಿ ಬಂದದ್ದು 2024ರ ಆರಂಭದಲ್ಲಿ. ಅದಕ್ಕಿಂತ ಮೊದಲು ತಯಾರಾದ ಬೋರ್ಡ್ ಆದರೆ, ಬಯೋಸ್ ಅಪ್‌ಡೇಟ್ ಮಾಡದೆ ಅದು ಈ ಪ್ರೊಸೆಸರನ್ನು ಗುರುತಿಸದೇ ಇರಬಹುದು. ಅಂಗಡಿಯಲ್ಲೇ ಮಾಡಿಸಿಕೊಳ್ಳಿ. ಜಿಎಸ್‌ಟಿ ಬಿಲ್ ಕೇಳಿ, ಅದರಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಿ. ವಾರಂಟಿಗೆ ಹೋದಾಗ ಇದೇ ಆಧಾರ.

ಮೂರು, ಮೊದಲ ಸಲ ಸ್ವಿಚ್ ಹಾಕಿದಾಗ ಪರದೆ ಕಪ್ಪಾಗೇ ಇದ್ದರೆ ಹೆದರಬೇಡಿ. ಹೊಸ ಡಿಡಿಆರ್5 ರ‍್ಯಾಮನ್ನು ಬೋರ್ಡ್ ಪರೀಕ್ಷೆ ಮಾಡಿ ಹೊಂದಿಸಿಕೊಳ್ಳೋಕೆ ಕೆಲವು ನಿಮಿಷ ಬೇಕು. ನಾನು ಎರಡೇ ನಿಮಿಷಕ್ಕೆ ಗಾಬರಿಯಾಗಿ ಆಫ್ ಮಾಡಿದ್ದೆ. ಎರಡನೇ ಸಲ ಸುಮ್ಮನೆ ಒಂದು ಲೋಟ ಕಾಫಿ ಕುಡಿದು ಬಂದೆ, ಪರದೆ ಬೆಳಗಿತ್ತು.

ಇನ್ನು ಹೊತ್ತೊಯ್ಯುವ ಲೆಕ್ಕ. ಇಲ್ಲಿ ನಾನು ಕಲಿತದ್ದು, ಎಲ್ಲವನ್ನೂ ಹೊರಬೇಡಿ ಅಂತ. ಬೆಂಗಳೂರಲ್ಲಿ ಒಂದು ಮಾನಿಟರ್, ಊರಲ್ಲಿ ಒಂದು ಸೆಕೆಂಡ್‌ಹ್ಯಾಂಡ್ ಮಾನಿಟರ್. ಕೀಬೋರ್ಡ್, ಮೌಸ್, ಪವರ್ ಅಡಾಪ್ಟರ್ ಎರಡೂ ಕಡೆ ಇವೆ. ಪೆಟ್ಟಿಗೆ ಇಷ್ಟು ಸಣ್ಣದಾಗಿರೋಕೆ ಕಾರಣವೂ ಆ ಅಡಾಪ್ಟರೇ. ಮಾಮೂಲಿ ಪವರ್ ಸಪ್ಲೈ ಒಳಗಿಲ್ಲ, ಲ್ಯಾಪ್‌ಟಾಪ್ ಥರ 150 ವ್ಯಾಟ್‌ನ ಇಟ್ಟಿಗೆ ಹೊರಗಿದೆ. ಹೀಗಾಗಿ ರೈಲು ಹತ್ತೋದು ಎರಡೂವರೆ ಕೆ.ಜಿ.ಯ ಪೆಟ್ಟಿಗೆ ಮಾತ್ರ, ಪಂಚೆ ಟವೆಲ್ ಮಧ್ಯೆ ಸುತ್ತಿಕೊಂಡು. ಭಾರದ ಗ್ರಾಫಿಕ್ಸ್ ಕಾರ್ಡ್ ಇಲ್ಲದ್ದರಿಂದ ಕುಲುಕಾಟಕ್ಕೆ ಕಳಚಿಕೊಳ್ಳುವಂಥದ್ದು ಒಳಗೆ ಏನೂ ಇಲ್ಲ.

ಊರಿಗೆ ತಕ್ಕ ಹಾಗೆ ಕೆಲವು ಮಾರ್ಪಾಡು ಮಾಡಿಕೊಂಡೆ. ಗಾಳಿ ಒಳಗೆ ಬರುವ ಕಡೆ ಸಣ್ಣ ಕಣ್ಣಿನ ಜಾಲರಿ, ಇರುವೆ ಮತ್ತು ದೂಳಿಗೆ. ತಿಂಗಳಿಗೊಮ್ಮೆ ಅದನ್ನು ತೆಗೆದು ಒರೆಸ್ತೀನಿ, ಇಲ್ಲದಿದ್ದರೆ ಗಾಳಿಯೇ ನಿಂತುಹೋಗುತ್ತೆ. ಅಡಿಗೆ ರಬ್ಬರ್ ಕಾಲು, ಮೇಜಿನ ನಡುಕ ಮೈಕ್‌ಗೆ ತಲುಪದಿರಲಿ ಅಂತ. ಮಲೆನಾಡಿನಲ್ಲಿ ಗುಡುಗು ಸಿಡಿಲು ಶುರುವಾದರೆ ಪ್ಲಗ್ ಕಿತ್ತಿಡೋದು, ನೆಟ್ ಕೇಬಲ್ ಸಮೇತ. ಇದಕ್ಕೆ ಸಮನಾದ ರಕ್ಷಣೆ ಇಲ್ಲ. ಈ ಕಂಪ್ಯೂಟರ್‌ಗೆ ಬ್ಯಾಟರಿ ಇಲ್ಲ ಅನ್ನೋದನ್ನ ಮರೀಬೇಡಿ. ಕರೆಂಟು ಹೋದರೆ ಕೆಲಸವೂ ಹೋಯಿತು. ಕಡತ ಉಳಿಸಿ ಬಂದ್ ಮಾಡುವಷ್ಟು ಹೊತ್ತು ಕೊಡುವ ಒಂದು ಯುಪಿಎಸ್ ಬೇಕೇ ಬೇಕು.

ಹಾಗಾದ್ರೆ ಎಲ್ಲರೂ ಇದನ್ನೇ ಮಾಡಬೇಕಾ? ಇಲ್ಲ. ರೈಲಿನಲ್ಲೇ ಕೂತು ಕೆಲಸ ಮಾಡಬೇಕಾದವರಿಗೆ ಲ್ಯಾಪ್‌ಟಾಪೇ ಸರಿ. ಬರೀ ಬರವಣಿಗೆ, ಇಂಟರ್ನೆಟ್ ಸಾಕು ಅನ್ನುವವರಿಗೆ ಸಿದ್ಧ ಮಿನಿ ಪಿಸಿ ಸಿಗುತ್ತೆ, ಬಹಳ ಸಲ ಅದು ಅಗ್ಗವೂ ಹೌದು. ಇದು ಎರಡು ಊರಿನ ಎರಡು ಮೇಜಿನ ನಡುವೆ ಬದುಕುವವರಿಗೆ, ಕೆಟ್ಟ ಭಾಗವನ್ನು ಕೈಯಾರೆ ಬದಲಾಯಿಸಬೇಕು ಅನ್ನುವವರಿಗೆ.

ಮೊದಲ ಸಲ ಬ್ಯಾಗಿನಿಂದ ಹೊರಗೆ ತೆಗೆದಾಗ ಅಮ್ಮ ಮಂಚದ ಮೇಲಿಂದಲೇ, ‘ಇದೆಂಥದಾ ತಮಾ, ಕವಳದ ಪೆಟ್ಟಿಗೆನಾ?’ ಅಂತ ಕೇಳಿದರು. ಈಗ ಅವರು ವಾಕರ್ ಹಿಡಿದು ಜಗಲಿಯವರೆಗೆ ಬರ್ತಾರೆ. ನಾನು ಹೆಡ್‌ಫೋನ್ ಹಾಕಿಕೊಂಡಿದ್ದರೂ ಪಕ್ಕದ ಕೋಣೆಯಿಂದ ಅವರ ಕೂಗು ಕೇಳಲಿ ಅಂತ ಒಂದು ಕಿವಿ ಖಾಲಿ ಬಿಟ್ಟಿರ್ತೀನಿ. ಅಂದ ಹಾಗೆ, ನೀವು ಈಗ ಕೇಳ್ತಾ ಇರುವ ಈ ಸಂಚಿಕೆ ಎಡಿಟ್ ಆಗಿದ್ದು ಅಲ್ಲೇ, ಅದೇ ಪೆಟ್ಟಿಗೆಯಲ್ಲಿ.

ನೀವೂ ಕಟ್ಟೋಕೆ ಹೊರಟಿದ್ದರೆ ಅಂಗಡಿಗೆ ಹೋಗುವ ಮುಂಚೆ ಒಂದು ಚೀಟಿಯಲ್ಲಿ ಪೆಟ್ಟಿಗೆ ಬಿಟ್ಟುಕೊಡುವ ಕೂಲರ್ ಎತ್ತರ ಬರೆದುಕೊಳ್ಳಿ. ಜತೆಗೆ, ಅಂಗಡಿಯ ಹುಡುಗ ಹೇಳುವ ಮಾತಿಗೂ ಸ್ವಲ್ಪ ಕಿವಿಗೊಡಿ. ಮುಂದಿನ ಸಂಚಿಕೆಯಲ್ಲಿ ನಿಮ್ಮ ಮಾಮೂಲಿ ನಿರೂಪಕರು ಸಿಗ್ತಾರೆ.