ಮ್ಯಾಜಿಸ್ಟೀರಿಯಲ್ ಎಂಬ ಮಾತು

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳೂ ಸೇರಿ ಮಂಡ್ಯ ಜಿಲ್ಲೆಯ ಒಂದು ಉಪವಿಭಾಗ. ಅದರ ಅಧಿಕಾರಿಯ ಕಚೇರಿ ಇರುವುದು ಪಾಂಡವಪುರದಲ್ಲಿ. ಆ ಅಧಿಕಾರಿಯೇ ಉಪವಿಭಾಗದ ಮ್ಯಾಜಿಸ್ಟ್ರೇಟರು. ಎಲ್ಲಿಯಾದರೂ ಅನಾಹುತವೊದಗಿದಾಗ 'ಮ್ಯಾಜಿಸ್ಟೀರಿಯಲ್ ತನಿಖೆ'ಗೆ ಆಜ್ಞೆಯಾಯಿತೆಂದು ಪತ್ರಿಕೆಗಳಲ್ಲಿ ಓದುತ್ತೇವೆ. ಇಂಗ್ಲೀಷ್ ವಿಮರ್ಶಕರು ಒಂದು ಗ್ರಂಥವನ್ನು ಹೊಗಳುವುದಕ್ಕೂ ಇದೇ ಮಾತನ್ನು ಬಳಸುವುದುಂಟು. ನಮ್ಮ ವಿದ್ಯಾರ್ಥಿಯೊಬ್ಬನು ಅದನ್ನು 'ದಂಡಾಧಿಕಾರದ ಗ್ರಂಥ' ಎಂದು ಭಾಷಾಂತರಿಸಿದನು. ಕೆಂಪು ಗೆರೆಯನ್ನೆಳೆದೆವು, ಆದರೆ ಸರಿಯಾದ ಮಾತು ನಮಗೂ ಥಟ್ಟನೆ ಹೊಳೆಯಲಿಲ್ಲ.

ಲ್ಯಾಟಿನ್ನಿನಲ್ಲಿ 'ಮ್ಯಾಜಿಸ್' ಎಂದರೆ ಹೆಚ್ಚು. 'ಮ್ಯಾಜಿಸ್ಟರ್' ಎಂದರೆ ಹೆಚ್ಚಿನವನು, ಒಡೆಯನು, ಗುರುವು. ಇದಕ್ಕೆ ಎದುರಾದದ್ದು 'ಮಿನಿಸ್ಟರ್': ಕಡಮೆಯವನು, ಸೇವಕನು. (ಮಂತ್ರಿಗಳು ಮನ್ನಿಸಬೇಕು.) ಆ ಮ್ಯಾಜಿಸ್ಟರನೇ ಇಂಗ್ಲೀಷಿನ ಮಾಸ್ಟರನಾಗಿ, ನಮ್ಮ ಹಳ್ಳಿಗಳಲ್ಲಿ ಮೇಷ್ಟ್ರಾದನು. ಆದಕಾರಣ ಮೇಷ್ಟ್ರಿಗೂ ಮ್ಯಾಜಿಸ್ಟ್ರೇಟರಿಗೂ ಮೂಲ ಒಂದೇ. ನಾವಾದರೋ ಮ್ಯಾಜಿಸ್ಟ್ರೇಟರನ್ನು ದಂಡಾಧಿಕಾರಿ ಎಂದು ಕರೆದೆವು. ಲ್ಯಾಟಿನ್ ಭಾಷೆ ಗುರುವನ್ನು ಕಂಡಲ್ಲಿ ನಮಗೆ ಕಂಡದ್ದು ಕೋಲು. ಹಿಂದಿನ ಮೇಷ್ಟ್ರುಗಳ ಕೈಯಲ್ಲಿಯೂ ಅದಿತ್ತೆಂಬುದು ಬೇರೆ ವಿಷಯ.

ಪತ್ರಿಕೆಯಲ್ಲಿ ಕಾಣುವ ಅರ್ಥ ಕೇವಲ ಹುದ್ದೆಗೆ ಸಂಬಂಧಪಟ್ಟದ್ದು. ಇಲ್ಲೊಂದು ಭ್ರಾಂತಿಯುಂಟು: ಆ ತನಿಖೆಯನ್ನು ಅನೇಕರು ನ್ಯಾಯಾಲಯದ ವಿಚಾರಣೆಯೆಂದೇ ಬಗೆಯುತ್ತಾರೆ. 1973ರ ದಂಡಪ್ರಕ್ರಿಯಾ ಸಂಹಿತೆ ನ್ಯಾಯ ಹೇಳುವ ಮ್ಯಾಜಿಸ್ಟ್ರೇಟರನ್ನೂ ಆಡಳಿತ ನಡೆಸುವ ಮ್ಯಾಜಿಸ್ಟ್ರೇಟರನ್ನೂ ಬೇರೆ ಬೇರೆ ಮಾಡಿತು. ಉಪವಿಭಾಗದ ಮ್ಯಾಜಿಸ್ಟ್ರೇಟರು ಎರಡನೆಯ ವರ್ಗದವರು. ಅವರು ಸಂಗತಿಗಳನ್ನು ಶೋಧಿಸಿ ವರದಿ ಒಪ್ಪಿಸಬಲ್ಲರು. ಆ ವರದಿಯಿಂದಲೇ ಯಾರೂ ಅಪರಾಧಿಯಾಗುವುದಿಲ್ಲ.

ಎರಡನೆಯ ಅರ್ಥಕ್ಕೆ ನಿದರ್ಶನವೂ ಈ ತಾಲ್ಲೂಕುಗಳಲ್ಲಿಯೇ ದೊರೆಯುತ್ತದೆ. ಮೊದಲು ಬೆಂಗಳೂರಿನಲ್ಲಿ ಉಪಾಧ್ಯಾಯರಾಗಿದ್ದ ಬಿ. ಎಲ್. ರೈಸ್ ಅವರು ಮುಂದೆ 'ಎಪಿಗ್ರಾಫಿಯಾ ಕರ್ನಾಟಿಕ'ವನ್ನು ಹೊರತಂದರು. 1898ರ ಅದರ ನಾಲ್ಕನೆಯ ಸಂಪುಟದಲ್ಲಿ ಕೃಷ್ಣರಾಜಪೇಟೆ, ನಾಗಮಂಗಲಗಳ ಶಾಸನಗಳಿವೆ. ರೈಸರ ಮಾತನ್ನು ಮೀರಿದವರಿಗೆ ಜುಲ್ಮಾನೆಯಿಲ್ಲ. ಆದರೂ ಆ ಸೀಮೆಯ ಚರಿತ್ರೆಯನ್ನು ಬರೆಯಹೊರಟವನು ಅವರನ್ನು ಕೇಳದೆ ಮುಂದಡಿಯಿಡಲಾರನು. ಅವರನ್ನು ತಿದ್ದುವುದಕ್ಕೂ ಮೊದಲು ಅವರನ್ನೇ ಓದಬೇಕು. ಅಂಥ ಕೃತಿ ಮ್ಯಾಜಿಸ್ಟೀರಿಯಲ್. 'ಗುರುತರ' ಎಂಬುದು ಧಾತ್ವರ್ಥಕ್ಕೆ ಚೆನ್ನಾಗಿ ಹೊಂದುತ್ತಿತ್ತು. ಆದರೆ ಅದನ್ನು ನಾವು ಅಪರಾಧಗಳಿಗೂ ಹೊಣೆಗಳಿಗೂ ಮೀಸಲಿಟ್ಟಿದ್ದೇವೆ. ಸದ್ಯಕ್ಕೆ 'ಪ್ರಮಾಣಭೂತ' ಎಂಬುದೇ ಸಮೀಪವಾದದ್ದು.

ಮೂರನೆಯದು ನಿಂದೆ. ಇದಿರಾಡಲು ಎಡೆಗೊಡದ, ಕಾರಣ ಹೇಳುವ ಗೊಡವೆಗೆ ಹೋಗದ ಧ್ವನಿಯನ್ನೂ ಮ್ಯಾಜಿಸ್ಟೀರಿಯಲ್ ಎನ್ನುತ್ತಾರೆ. ಇದಕ್ಕೆ ನಿದರ್ಶನವನ್ನು ದೂರ ಹುಡುಕಬೇಕಾಗಿಲ್ಲ. ಆ ವಿದ್ಯಾರ್ಥಿಯ ಪತ್ರಿಕೆಯ ಅಂಚಿನಲ್ಲಿ ನಾವು 'ತಪ್ಪು' ಎಂದಷ್ಟೇ ಬರೆದು ಹಿಂದಿರುಗಿಸಿದ್ದೆವು.