ಸೋಬಾನ್: ಒಬ್ಬರ ಊಟಕ್ಕೊಂದು ಮೇಜು

ಕೊರಿಯಾದ ಹಳೆಯ ಮನೆಸಾಮಾನುಗಳಲ್ಲಿ ಇಂದಿನ ಮನೆಗೆ ಅಲಂಕಾರಕ್ಕಲ್ಲದೆ ಕೆಲಸಕ್ಕೇ ಒದಗುವಂಥದ್ದು ಸೋಬಾನ್ ಎಂಬುದು ನನ್ನ ನಂಬಿಕೆ. ಕುಳ್ಳ ಕಾಲುಗಳ ಈ ಮರದ ಮೇಜು ಊಟ ಹೊತ್ತು ತರುವ ಹರಿವಾಣವೂ ಹೌದು. ಜೋಸನ್ ಅರಸರ ಕಾಲದ ಮನೆಗಳಲ್ಲಿ ಅಡುಗೆಮನೆಯಿಂದ ಕೋಣೆಗೆ ಬರಲು ಅಂಗಳ ದಾಟಬೇಕು, ಮೆಟ್ಟಿಲು ಹತ್ತಬೇಕು. ಅನ್ನ, ಸಾರು, ಕಿಮ್ಚಿ ಜೋಡಿಸಿದ ಸೋಬಾನನ್ನು ಎರಡೂ ಕೈಗಳಲ್ಲಿ ಎತ್ತಿ ತಂದು ಒಬ್ಬೊಬ್ಬರ ಮುಂದೆ ಒಂದೊಂದು ಇಡುತ್ತಿದ್ದರು. ಅದರ ರೂಪ ಹುಟ್ಟಿದ್ದೇ ಈ ಓಡಾಟದಿಂದ: ಅಗಲ ತೋಳಿಗೆ ಒಗ್ಗುವಷ್ಟು, ಬಟ್ಟಲು ಜಾರದಂತೆ ಸುತ್ತ ಅಂಚು, ಮೇಲ್ಹಲಗೆಗೆ ಹಗುರವಾದ, ಸುಲಭಕ್ಕೆ ಸೊಟ್ಟಗಾಗದ ಗಿಂಕ್ಗೊ ಮರ. ನಾಜು ಊರಿನವರು ಅಂಚನ್ನು ಬೇರೆ ಮಾಡಿ ಕೂಡಿಸಿದರೆ, ತೊಂಗ್ಯೊಂಗ್‌ನವರು ಹಲಗೆ ಅಂಚುಗಳೆರಡನ್ನೂ ಒಂದೇ ಮರದಲ್ಲಿ ಕೆತ್ತಿದರು. ಎಲ್ಲಕ್ಕಿಂತ ಸೊಗಸು ಗೊಂಗೊಸಾಂಗ್ ಎಂಬ ಬಗೆಯ ಸೋಬಾನ್. ಕಚೇರಿಯಲ್ಲಿ ಉಳಿದ ಅಧಿಕಾರಿಗೆ ಊಟ ಒಯ್ಯುವ ಆಳು ಅದನ್ನು ತಲೆಯ ಮೇಲೆ ಹೊರುತ್ತಿದ್ದ. ಮುಂದೆ ದಾರಿ ಕಾಣಲು ಒಂದು ಕಿಂಡಿ, ಪಕ್ಕದಲ್ಲಿ ಕೈಯಿಂದ ಹಿಡಿಯಲು ತೂತುಗಳು.

ಒಬ್ಬೊಬ್ಬರಿಗೂ ಬೇರೆ ಮೇಜು ಎಂಬುದು ಮೇಲ್ವರ್ಗದ ಗಂಡಸರ ದರ್ಪವಲ್ಲವೇ, ಹೊತ್ತು ತಂದ ಹೆಂಗಸರಿಗೆ ಆ ಮರ್ಯಾದೆ ಎಲ್ಲಿತ್ತು ಎಂದು ಕೇಳುವವರಿದ್ದಾರೆ. ಈ ಆಕ್ಷೇಪವನ್ನು ನಾನು ತಳ್ಳಿಹಾಕಲಾರೆ. ಆದರೆ ಇಂದು ದಕ್ಷಿಣ ಕೊರಿಯಾದ ಮೂರರಲ್ಲೊಂದಕ್ಕಿಂತ ಹೆಚ್ಚು ಮನೆಗಳಲ್ಲಿ ಇರುವವರು ಒಬ್ಬರೇ. ಬೇಯಿಸುವವರು, ಹೊರುವವರು, ಉಣ್ಣುವವರು ಎಲ್ಲ ಅವರೇ ಆದಾಗ ಸೋಬಾನ್‌ನಲ್ಲಿ ಯಜಮಾನಿಕೆ ಉಳಿಯದು, ಅನುಕೂಲ ಉಳಿಯುತ್ತದೆ. ಕುರ್ಚಿ, ಸೋಫಾ ಬಂದ ಮೇಲೆ ನೆಲದ ಮೇಲೆ ಯಾರು ಕೂರುತ್ತಾರೆ ಎನ್ನುವುದೂ ಅರ್ಧ ಸತ್ಯ. ಚಪ್ಪಲಿ ಈಗಲೂ ಬಾಗಿಲಲ್ಲೇ ಉಳಿಯುತ್ತದೆ. ಒಂದೊಲ್, ಅಂದರೆ ನೆಲದಡಿಯ ಬಿಸಿ, ಅಪಾರ್ಟ್‌ಮೆಂಟಿನಲ್ಲಿ ಬಿಸಿನೀರಿನ ಕೊಳವೆಯಾಗಿ ಮುಂದುವರಿದಿದೆ. ಚಳಿಗಾಲದಲ್ಲಿ ಆ ನೆಲಕ್ಕಿಂತ ಹಿತವಾದ ಜಾಗ ಬೇಕೆ?

ಹಳೆಯದನ್ನು ಬಳಸಿದರೆ ಹಾಳಾಗುತ್ತದೆ, ಮ್ಯೂಸಿಯಮ್ಮಿನಲ್ಲಿರಲಿ ಎಂಬ ವಾದವೂ ಇದೆ. ಕಪ್ಪೆಚಿಪ್ಪಿನ ಕುಸುರಿಯಂಥ ಅಪರೂಪದವು ಇರಲಿ, ಒಪ್ಪೋಣ. ಸಾಮಾನ್ಯ ಸೋಬಾನ್‌ಗೆ ಮಾತ್ರ ಅಸಾಕಾವ ತಕುಮಿಯ ಮಾತು ಅನ್ವಯ. ಅರಣ್ಯ ಇಲಾಖೆಯ ಕೆಲಸಕ್ಕೆಂದು 1914ರಲ್ಲಿ ಕೊರಿಯಾಕ್ಕೆ ಬಂದ ಈ ಜಪಾನೀಯ, ತನ್ನ ದೇಶ ಆ ನಾಡನ್ನು ಆಳುತ್ತಿದ್ದಾಗ ಅಲ್ಲಿನ ಬಡಗಿಗಳ ಕೈಚಳಕಕ್ಕೆ ತಲೆಬಾಗಿದ. 1924ರಲ್ಲಿ ಕಲಾಚಿಂತಕ ಯಾನಾಗಿ ಸೋಯೆತ್ಸು ಜೊತೆ ಸೋಲ್‌ನಲ್ಲಿ ಜಾನಪದ ಕಲೆಯ ಮ್ಯೂಸಿಯಂ ಕಟ್ಟಿದ, 1929ರಲ್ಲಿ ಸೋಬಾನ್ ಕುರಿತೇ ಒಂದು ಪುಸ್ತಕ ಬರೆದ. ಒಳ್ಳೆಯ ಕುಶಲ ವಸ್ತುವಿನ ಚೆಲುವನ್ನು ಪೂರ್ಣಗೊಳಿಸುವುದು ಅಕ್ಕರೆಯಿಂದ ಬಳಸುವವರೇ ಎಂಬುದು ಅವನ ನಿಲುವು. ಪುಸ್ತಕ ಬರೆದ ಎರಡು ವರ್ಷದ ಬಳಿಕ ತೀರಿಕೊಂಡ ಅವನ ಸಮಾಧಿ ಇರುವುದೂ ಸೋಲ್‌ನ ಮಾಂಗುರಿ ಗುಡ್ಡದಲ್ಲಿ.

ಸೋಬಾನ್ ಮಾಡುವ ವಿದ್ಯೆಗೆ 1992ರಲ್ಲಿ ರಾಷ್ಟ್ರೀಯ ಪರಂಪರೆಯ ಮನ್ನಣೆ ಸಿಕ್ಕಿತು. ಆದರೂ ಸೋಲ್‌ನ ದಾಪ್ಸಿಮ್ನಿಯಂಥ ಹಳೆ ಸಾಮಾನಿನ ಪೇಟೆಯಿಂದ ಹೊರಟ ಸೋಬಾನ್ ಹೂಕುಂಡ ಹೊತ್ತು ಮೂಲೆ ಸೇರುವುದುಂಟು. ಬಾಡಿಗೆ ಕೋಣೆಯಲ್ಲಿ ಒಬ್ಬಂಟಿಯಾಗಿ ಉಣ್ಣುವ ಹುಡುಗಿಯ ಮುಂದೆ ಮಾತ್ರ ಕಾಲು ಮಡಚುವ ಅಗ್ಗದ ಮೇಜೇ ಇರುತ್ತದೆ.