ಕೆಮ್ಮು ಬಿಡದಿದ್ದರೆ ಕಾರ್ಸಿನಾಯ್ಡ್ ಇರಬಹುದೇ?

ದಾವಣಗೆರೆಯಲ್ಲಿ ಕೆಮ್ಮು ಹತ್ತಿದರೆ ಮಂಡಕ್ಕಿ ಭಟ್ಟಿಯ ಹೊಗೆ ಎನ್ನುತ್ತೇವೆ. ಹರಿಹರದವರು ಕಾರ್ಖಾನೆ ಕಡೆ ಕೈ ತೋರಿಸುತ್ತಾರೆ. ಪರೀಕ್ಷೆ ಮಾಡಿಸಿದರೆ ಬಹುಪಾಲು ಅಲರ್ಜಿ, ದಮ್ಮು, ಇಲ್ಲವೇ ಕ್ಷಯ. ಅಪರೂಪಕ್ಕೆ ಮಾತ್ರ ಶ್ವಾಸನಾಳದೊಳಗೆ ನಿಧಾನವಾಗಿ ಬೆಳೆಯುವ ಗಡ್ಡೆ ಸಿಗುತ್ತದೆ. ಅದೇ ಕಾರ್ಸಿನಾಯ್ಡ್. ಶ್ವಾಸಕೋಶದ ನೂರು ಕ್ಯಾನ್ಸರ್‌ಗಳಲ್ಲಿ ಒಂದೋ ಎರಡೋ ಇಂಥವು. ಬೀಡಿ ಮುಟ್ಟದವರಿಗೂ ಬರುತ್ತದೆ.

ಗುರುತು ಹಿಡಿಯುವುದು ಹೇಗೆ? ದಮ್ಮಾದರೆ ಸಾಮಾನ್ಯವಾಗಿ ಎದೆಯ ಎರಡೂ ಕಡೆ ಸುಂಯ್‌ಗುಡುತ್ತದೆ, ಇನ್‌ಹೇಲರ್‌ಗೆ ಜಗ್ಗುತ್ತದೆ. ಇಲ್ಲಿ ಸದ್ದು ಒಂದೇ ಕಡೆ. ನಾಳ ಕಟ್ಟಿಕೊಳ್ಳುವುದರಿಂದ ಅದೇ ಜಾಗದಲ್ಲಿ ಮತ್ತೆ ಮತ್ತೆ ನ್ಯುಮೋನಿಯಾ. ಕಫದಲ್ಲಿ ರಕ್ತವೂ ಬರಬಹುದು. ಮೊದಲು ಕಫ ಪರೀಕ್ಷೆ ಮಾಡಿಸಿ ಕ್ಷಯ ಹೌದೋ ಅಲ್ಲವೋ ನೋಡಿ. ಅಲ್ಲದಿದ್ದರೆ ಎಕ್ಸ್-ರೇಗೇ ನಿಲ್ಲಬೇಡಿ; ಸಣ್ಣ ಗಡ್ಡೆ ಅದರಲ್ಲಿ ತಪ್ಪಿಸಿಕೊಳ್ಳುತ್ತದೆ. ಸಿ.ಟಿ. ಸ್ಕ್ಯಾನ್ ಬೇಕು.

ಆಮೇಲೆ ಬ್ರಾಂಕೋಸ್ಕೋಪಿ. ತುದಿಯಲ್ಲಿ ಕ್ಯಾಮೆರಾ ಇರುವ ತೆಳು ಕೊಳವೆಯನ್ನು ಮೂಗಿನಿಂದಲೋ ಬಾಯಿಂದಲೋ ಇಳಿಸಿ ನೋಡುತ್ತಾರೆ. ಕಾರ್ಸಿನಾಯ್ಡ್ ನಯವಾಗಿ, ಕೆಂಪಗೆ ಕಾಣುವುದುಂಟು. ರಕ್ತನಾಳ ಹೆಚ್ಚಿರುವ ಗಡ್ಡೆಯಾದ್ದರಿಂದ ಬಯಾಪ್ಸಿಗೆ ಚೂರು ತೆಗೆಯುವಾಗ ರಕ್ತಸ್ರಾವದ ಭಯವಿದೆ. ರಕ್ತ ತೆಳುಮಾಡುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ.

ಮುಖ್ಯ ಚಿಕಿತ್ಸೆ ಶಸ್ತ್ರಕ್ರಿಯೆಯೇ. ಬಲ ಶ್ವಾಸಕೋಶಕ್ಕೆ ಮೂರು ಹಾಲೆ, ಎಡಕ್ಕೆ ಎರಡು. ಗಡ್ಡೆಯಿರುವ ಹಾಲೆ ತೆಗೆದರೆ ಲೋಬೆಕ್ಟಮಿ. ಗಡ್ಡೆ ದೊಡ್ಡ ನಾಳದಲ್ಲಿದ್ದರೆ ಅಷ್ಟು ಭಾಗ ಕತ್ತರಿಸಿ ಎರಡು ತುದಿ ಹೊಲಿದು, ಉಳಿದ ಶ್ವಾಸಕೋಶ ಉಳಿಸಿಕೊಳ್ಳುವುದೂ ಉಂಟು: ಅದು ಸ್ಲೀವ್ ರಿಸೆಕ್ಷನ್. 'ಅರ್ಧ ಶ್ವಾಸಕೋಶ ಹೋದರೆ ಬದುಕೋದು ಹೇಗೆ?' ಎನ್ನಬೇಡಿ. ಉಸಿರಿನ ಶಕ್ತಿ ಅಳೆದ ಮೇಲೆಯೇ ಶಸ್ತ್ರಕ್ರಿಯೆಗೆ ಒಪ್ಪುತ್ತಾರೆ. ನಂತರ ಪಕ್ಕೆಯಲ್ಲೊಂದು ಕೊಳವೆ, ಕೈಯಲ್ಲಿ ಮೂರು ಚೆಂಡಿನ ಉಸಿರಾಟದ ಡಬ್ಬಿ. ಹೊಲಿಗೆ ನೋವೆಂದು ಅದನ್ನು ಮೂಲೆಗಿಟ್ಟರೆ ಕಫ ಕಟ್ಟುತ್ತದೆ. ಸಾಮಾನ್ಯ ಬಗೆಯ ಕಾರ್ಸಿನಾಯ್ಡ್ ಹರಡುವ ಮೊದಲೇ ತೆಗೆದರೆ ನೂರರಲ್ಲಿ ಸುಮಾರು 90 ಮಂದಿ ಐದು ವರ್ಷ ದಾಟಿ ಬದುಕುತ್ತಾರೆ.

ಎಲ್ಲಿಗೆ ಹೋಗಬೇಕು? ಮೊದಲು ಚಿಗಟೇರಿ ಜಿಲ್ಲಾ ಆಸ್ಪತ್ರೆ, ಇಲ್ಲವೇ ಬಾಪೂಜಿ, ಎಸ್.ಎಸ್. ಆಸ್ಪತ್ರೆಗಳ ಶ್ವಾಸಕೋಶ ವಿಭಾಗ. ಶಸ್ತ್ರಕ್ರಿಯೆಗೆ ಎದೆಯ ಸರ್ಜನ್ ಬೇಕು; ಬೆಂಗಳೂರಿನ ಕಿದ್ವಾಯಿ ಹಲವರ ದಾರಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30 ಮಾತ್ರ, 1.5 ಲಕ್ಷ ಮೀರದಂತೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕೇ ಎಂದು ಊರು ಬಿಡುವ ಮುನ್ನ ವಿಚಾರಿಸಿ. ಜೊತೆಗೆ ಸ್ಕ್ಯಾನ್ ಸಿ.ಡಿ. ಮತ್ತು ಬಯಾಪ್ಸಿಯ ಮೇಣದ ಬ್ಲಾಕ್ ಲ್ಯಾಬಿನಿಂದ ಕೇಳಿ ಪಡೆಯಿರಿ. ಬರೀ ರಿಪೋರ್ಟ್ ಹಾಳೆ ಹಿಡಿದು ಹೋದರೆ, ಬ್ಲಾಕ್ ತನ್ನಿ ಎಂದು ವಾಪಸ್ ಕಳಿಸುವುದೇ ಹೆಚ್ಚು.